ಗೋಡೆಯಿಲ್ಲದ ಬಾಗಿಲು

ಮಸ್ಕತ್ತಿನ ಹೊರವಲಯದ ಥೀಮ್ ಪಾರ್ಕಿನಲ್ಲಿ ಉಡುಗೊರೆ ಅಂಗಡಿಯನ್ನು ಆಕೆ ನೋಡಿಕೊಳ್ಳುತ್ತಿದ್ದರು. ಮಂಗಳೂರು ಕಡೆಯವರು. ಯಾರು ಏನು ಕೇಳಿದರೂ ಬಳೆ ಹಿಂದಕ್ಕೆ ಸರಿಸಿ, "ಮಾಡುವ, ಅದಕ್ಕೆಂತ" ಎನ್ನುತ್ತಿದ್ದರು. ಅಂಗಡಿಯನ್ನು ಹಳೆಯ ಕಾಲದ ಸಂತೆಬೀದಿಯಂತೆ ಸಿಂಗರಿಸಿದ್ದರು: ಖರ್ಜೂರದ ಗರಿಯ ಸೂರು, ಹಿತ್ತಾಳೆಯ ಲಾಟೀನು, ಕೆತ್ತನೆಯ ದೊಡ್ಡ ಮರದ ಬಾಗಿಲು. ಅದನ್ನೆಲ್ಲ ತೆಗೆದು ಬಿಳಿ ಗೋಡೆ, ಗಾಜಿನ ಕಪಾಟು ಹಾಕಲು ಪಾರ್ಕಿನವರು ಬರೆಸಿದ ನಕ್ಷೆ ನನ್ನದೇ.

"ಚಂದ ಉಂಟು, ಬೆಳಕು ಬರ್ತದೆ. ಆದ್ರೆ ಬಾಗಿಲು ಹೋಗ್ತದಲ್ಲ ಮಾರಾಯ್ರೆ," ಎಂದರು ಆಕೆ, ನಕ್ಷೆ ನೋಡಿ.

ಕಳಚಿದ ಬಾಗಿಲು, ಸಾಗಿಸುವ ಲಾರಿಗೆ ಕಾಯುತ್ತ, ಅಂಗಳದಲ್ಲಿ ಮಲಗಿತ್ತು. ಆಕೆ ಕೆಲಸಗಾರರಿಗೆ, "ಯಲ್ಲಾ ಭಾಯ್, ಖಡಾ ಕರೋ" ಎಂದು ಹೇಳಿ, ಅದನ್ನು ಚೌಕಟ್ಟಿನ ಸಮೇತ ಎತ್ತಿ ನಿಲ್ಲಿಸಿ ಗಟ್ಟಿಯಾದ ಆಸರೆ ಕೊಡಿಸಿದರು. ಸುತ್ತ ಗೋಡೆಯಿಲ್ಲ, ಬರೀ ಬಯಲು. ಒಳನಾಡಿನ ಹಳೆಯ ಊರು ನಿಜ್ವಾದಿಂದ ಪಾರ್ಕು ನೋಡಲು ಬಂದಿದ್ದ ಅಜ್ಜಿಯೊಬ್ಬರು ಕೆತ್ತನೆ ಸವರಿ ನೋಡಿ, ಬಾಗಿಲು ತಟ್ಟಿದರು. ಆಕೆ ಆಚೆಯಿಂದ ತೆರೆದು, ಮನೆಯೊಡತಿಯ ಗತ್ತಿನಲ್ಲಿ, "ಅಹ್ಲನ್, ಬನ್ನಿ ಬನ್ನಿ" ಎಂದರು. ಅಜ್ಜಿ ನಗುತ್ತ ಬಲಗಾಲಿಟ್ಟು ಒಳಬಂದರು. ಅವರ ಹಿಂದೆ ಮೊಮ್ಮಕ್ಕಳು, ಮೊಮ್ಮಕ್ಕಳ ಹಿಂದೆ ಗುರುತಿಲ್ಲದವರ ಸಾಲು.

ಗದ್ದಲ ಕೇಳಿ ಪಾರ್ಕಿನ ಒಮಾನಿ ಮ್ಯಾನೇಜರ್ ಬಂದರು. ಪಕ್ಕದಿಂದ ದಾಟಿ ಬರಲು ಬೇಕಾದಷ್ಟು ಜಾಗವಿತ್ತು. ಆದರೂ ಸಾಲಿನಲ್ಲಿ ನಿಂತು, ಸರದಿ ಬಂದಾಗ ತಟ್ಟಿದರು. ಆಕೆ ತೆರೆದರು.

"ಖಲಾಸ್, ಆಯ್ತು, ಇದು ಇಲ್ಲೇ ಇರಲಿ," ಎಂದರು ಮ್ಯಾನೇಜರ್, ಹೊಸ್ತಿಲು ದಾಟುತ್ತ.

ಆಕೆ ಮತ್ತೆ ಬಾಗಿಲು ಮುಚ್ಚಿ, ಮುಂದಿನವರು ತಟ್ಟುವುದನ್ನೇ ಕಾಯುತ್ತ ನಿಂತರು.