ಬೈಸನ್ ಇಲ್ಲದ ಆದಿತ್ಯವಾರ

ಹೊಸ ಕಂಪ್ಯೂಟರ್ ಮೊದಲ ಸಲ ಬಿಸಿಯಾದಾಗ ಒಂದು ವಾಸನೆ ಬರುತ್ತದೆ, ಗಮನಿಸಿದ್ದೀರಾ? ಇಸ್ತ್ರಿಪೆಟ್ಟಿಗೆಯನ್ನು ಆಗಷ್ಟೇ ಆರಿಸಿಟ್ಟ ಹಾಗೆ. ಇವತ್ತು ಬೆಳಿಗ್ಗೆ ನಮ್ಮ ಮನೆಯಲ್ಲಿ ಆ ವಾಸನೆ ಎದ್ದಾಗ ನನಗೆ ಸುಮ್ಮಸುಮ್ಮನೆ ನಗು ಬಂತು. ಮನಸ್ಸು ಆಗಲೇ ಉರ್ವದ ತವರುಮನೆಯ ಚಾವಡಿಗೆ ಹೋಗಿ ಕೂತಿತ್ತು.

ಆಗ ನಾನು ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದೆ. ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ಪುಟ್ಟ ಆಪರೇಟಿಂಗ್ ಸಿಸ್ಟಮೊಂದನ್ನು ಮೂಲ ಕೋಡಿನಿಂದಲೇ ಕಟ್ಟಿ ತೋರಿಸುತ್ತೇನೆಂದು ತರಗತಿಯಲ್ಲಿ ಜಂಬ ಕೊಚ್ಚಿಕೊಂಡಿದ್ದೆ. ತೋರಿಸಬೇಕಾದದ್ದು ಸೋಮವಾರ. ಹಿಂದಿನ ದಿನ, ಆದಿತ್ಯವಾರ, ನನ್ನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಇವೆರಡರಲ್ಲಿ ಯಾವುದು ಮುಖ್ಯ ಎಂಬ ಬಗ್ಗೆ ನನಗೂ ಅಮ್ಮನಿಗೂ ಒಮ್ಮತವಿರಲಿಲ್ಲ. ಬೇಡವೆನ್ನುವುದೆಂದು ನಾನಂತೂ ಮೊದಲೇ ನಿಶ್ಚಯಿಸಿದ್ದೆ. ಹುಡುಗನಿಗೆ ಪಣಂಬೂರಿನ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರ್ ಕೆಲಸ, ಮಾತು ಕಡಿಮೆ ಎಂದು ಮದುವೆ ದಲ್ಲಾಳಿ ಹೊಗಳಿದ್ದ. ನನ್ನಂಥ ಬಾಯಾಳಿಗೆ ಮಾತು ಕಡಿಮೆಯ ಮನೆ ಎಂದರೆ ಉಪವಾಸವೇ.

"ಇವತ್ತೊಂದು ದಿನ ಆ ಲ್ಯಾಪ್‌ಟಾಪ್ ಮುಚ್ಚಿಡು ಮಾರಾಯ್ತಿ," ಎಂದು ಅಮ್ಮ ಅಡುಗೆಮನೆಯಿಂದ ಹೇಳುತ್ತಲೇ ಇದ್ದರು. ಅಷ್ಟರಲ್ಲಿ ಅವರು ಬಂದೇಬಿಟ್ಟರು: ಹುಡುಗ ಸುಕೇಶ, ಅವರ ತಾಯಿ, ಸೋದರಮಾವ. ನಾನು ಸೀರೆ ಉಟ್ಟಿದ್ದೆ, ತಲೆಯಲ್ಲಿ ಮಲ್ಲಿಗೆಯೂ ಇತ್ತು. ಆದರೆ ಚಾವಡಿಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದೇ ಇತ್ತು. ಬಿಲ್ಡ್, ಅಂದರೆ ಕೋಡಿನಿಂದ ಸಿಸ್ಟಮ್ ಕಟ್ಟುವ ಕೆಲಸ, ಅರ್ಧಕ್ಕೆ ನಿಂತು, ಬೈಸನ್ ಎಂಬ ಟೂಲ್ ಸಿಗುತ್ತಿಲ್ಲ ಎಂದು ಪರದೆ ದೂರುತ್ತಿತ್ತು.

"ಅಡಿಗೆಯೆಲ್ಲ ಅಭ್ಯಾಸ ಉಂಟಾ ಮಗಾ?" ಎಂದು ಸುಕೇಶರ ತಾಯಿ ಕೇಳಿದರು.

"ಬೈಸನ್ ಇಲ್ಲ," ಎಂದೆ. ಬಾಯಿಗೆ ಬಂದದ್ದೇ ಅದು.

ಒಳಗೆ ಕಡಲೆಹಿಟ್ಟಿನಲ್ಲಿ ಪೋಡಿ ಕರಿಯುತ್ತಿದ್ದ ಅಮ್ಮ, "ಬೇಸನ್ ಉಂಟಲ್ಲ, ನೀಲಿ ಡಬ್ಬದಲ್ಲಿ," ಎಂದರು.

"ಬೈಸನ್ ಅಂದ್ರೆ ಕಾಟಿ ಅಲ್ವಾ?" ಸೋದರಮಾವ ಗಂಭೀರವಾಗಿ ವಿಚಾರಿಸಿದರು. "ಕಾಡಿನ ಕೋಣ ಉರ್ವದಲ್ಲಿ ಎಲ್ಲಿಂದ ಇರುದು?"

ಮಾತು ಕಡಿಮೆಯ ಗಂಡು ಗಟ್ಟಿಯಾಗಿ ನಕ್ಕುಬಿಟ್ಟರು. ಎದ್ದು ಬಂದು ಪರದೆ ನೋಡಿ, "ಅದನ್ನು ಇನ್‌ಸ್ಟಾಲ್ ಮಾಡಿ. ಫ್ಲೆಕ್ಸ್ ಅಂತ ಇನ್ನೊಂದು ಟೂಲ್ ಕೂಡ ಇರ್ಲಿಕ್ಕಿಲ್ಲ, ಒಟ್ಟಿಗೇ ಹಾಕಿ," ಎಂದರು. ಹಾಕಿದೆ. ಬಿಲ್ಡ್ ಸ್ವಲ್ಪ ಓಡಿ ಮತ್ತೆ ನಿಂತಿತು. ಈಗ ಮೇಕ್‌ಇನ್ಫೋ ಎಂಬ ಟೂಲ್ ಇಲ್ಲವಂತೆ. ಆ ಹೆಸರಿನಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ.

"ಅದು ಟೆಕ್ಸ್‌ಇನ್ಫೋ ಅಂತ ಪ್ಯಾಕೇಜಿನ ಒಳಗೆ ಉಂಟು. ಹೆಸರು ಬೇರೆ," ಎಂದರು ಸುಕೇಶರು.

ಅದನ್ನೂ ಹಾಕಿದೆ. ಮತ್ತೆ ಅದೇ ದೂರು. ನಾನು ತಲೆಯ ಮೇಲೆ ಕೈಯಿಟ್ಟುಕೊಂಡೆ. ಸುಕೇಶರು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು.

"ಟೂಲ್ ಬಂದದ್ದು ಅದಕ್ಕೆ ಗೊತ್ತಿಲ್ಲ. ಮೊದಲು ಹುಡುಕಿದಾಗ ಇಲ್ಲ ಅಂತ ಬರೆದಿಟ್ಟುಕೊಂಡಿದೆ. ಬಿಲ್ಡ್ ಫೋಲ್ಡರ್ ಅಳಿಸಿ ಸುರುವಿನಿಂದ ಮಾಡುವ."

ಮಾಡಿ ಎನ್ನಲಿಲ್ಲ, ತಮ್ಮನ್ನೂ ಸೇರಿಸಿಕೊಂಡು ಮಾಡುವ ಎಂದರು. ನನ್ನ ನಿಶ್ಚಯ ಅಲ್ಲೇ ಸಡಿಲವಾಯಿತು ಎಂದು ಕಾಣುತ್ತದೆ.

ಸಾಲುಗಳು ಓಡತೊಡಗಿದವು. ಹೆಣ್ಣು ನೋಡಲು ಬಂದವರು ಹೆಣ್ಣನ್ನು ಬಿಟ್ಟು ಪರದೆಯನ್ನೇ ನೋಡುತ್ತ ಪೋಡಿ ತಿಂದರು. "ಇಷ್ಟು ಓಡಿ ಎಲ್ಲಿಗೆ ಹೋಗ್ತದೆ ಇದು?" ಎಂದು ಸೋದರಮಾವ ಆಗಾಗ ಕೇಳುತ್ತಿದ್ದರು. ಸಂಜೆಯ ಹೊತ್ತಿಗೆ ಒಂದು ಕಪ್ಪು ಕಿಟಕಿ ತೆರೆದುಕೊಂಡು, ಅದರ ಮೂಲೆಯಲ್ಲಿ ಕರ್ಸರ್ ಮಿಟುಕಿತು. ಸಿಸ್ಟಮ್ ಎದ್ದಿತ್ತು.

"ಇಷ್ಟೆಯಾ?" ಎಂದರು ಅವರ ತಾಯಿ.

"ಇಷ್ಟೇ," ಎಂದು ನಾವಿಬ್ಬರೂ ಒಟ್ಟಿಗೇ ಹೇಳಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಹೊರಡುವಾಗ ಅವರ ತಾಯಿ ಅಮ್ಮನ ಕೈ ಹಿಡಿದು, "ನಮಗೆ ಒಪ್ಪಿಗೆ ಉಂಟು. ನಿಮ್ಮ ಮಗಳ ಹತ್ರ ನಿಧಾನಕ್ಕೆ ಕೇಳಿ," ಎಂದರು. ಅಮ್ಮ ನನ್ನ ಕಡೆ ತಿರುಗಿ, "ಎಂತ ಹೇಳುದು?" ಎಂದು ಪಿಸುಗುಟ್ಟಿದರು.

"ಅವರು ಗೇಟು ದಾಟುವ ಮೊದಲೇ ಹೇಳಿ ಅಮ್ಮ," ಎಂದೆ.

ಇವತ್ತಿನ ಹೊಸ ಯಂತ್ರದ ಕಥೆ ಕೇಳಿ. ಅದೇ ಪುಟ್ಟ ಸಿಸ್ಟಮನ್ನು ಬಿಲ್ಡಿಗೆ ಹಾಕಿ ಇಬ್ಬರೂ ಅದರ ಮುಂದೆ ಕಾದು ಕೂತೆವು. ಕಾಫಿ ಆರುವಷ್ಟರಲ್ಲಿ ಮುಗಿದೇ ಹೋಯಿತು.

"ಒಂದೂ ಎರರ್ ಇಲ್ಲ," ಎಂದರು ಸುಕೇಶರು, ಪೆಚ್ಚಾಗಿ.

"ಸಪ್ಪೆ ಆಯ್ತಲ್ಲ," ಎಂದೆ.

ಅವರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, "ಇನ್ನೊಂದು ಸಿಸ್ಟಮ್ ಉಂಟು. ಯಾರ ಕೈಯಲ್ಲೂ ಸರಿಯಾಗಿ ಬಿಲ್ಡ್ ಆಗುದಿಲ್ಲಂತೆ," ಎಂದರು.

ಮಧ್ಯಾಹ್ನದ ಅಡುಗೆಗೆ ಇನ್ನೂ ಒಲೆ ಹಚ್ಚಿರಲಿಲ್ಲ.

"ಡೌನ್‌ಲೋಡಿಗೆ ಹಾಕಿ," ಎಂದೆ.