ಭವಾನಿ ಆರಿಸಿಕೊಟ್ಟ ವಾಚು

ತಾಯಿ ವಾಚು ಕದ್ದಳು, ಮಗಳು ವಾಚು ಮಾರುತ್ತಾಳೆ: ಅನ್ನದಾನಮ್ಮ ಮತ್ತು ಅವಳ ಮಗಳು ಭವಾನಿಯ ಬಗ್ಗೆ ಕಾಶಿಯ ಹನುಮಾನ್ ಘಾಟಿನಿಂದ ಕೇದಾರ ಘಾಟಿನವರೆಗಿನ ಕನ್ನಡದ ಮನೆಗಳಲ್ಲಿ ಬಹುಕಾಲ ಚಾಲ್ತಿಯಲ್ಲಿದ್ದ ಮಾತು ಇದು. ತಾಯಿ ಕದ್ದ ಮಾಲನ್ನು ಕೊಂಡ ಅಂಗಡಿಯವನೇ ಮಗಳಿಗೆ ಕೆಲಸ ಕೊಟ್ಟನಂತೆ ಎಂದು ಕೆಲವರು ಅದಕ್ಕೆ ಬಾಲ ಸೇರಿಸುತ್ತಿದ್ದರು. ಹೇಳುವವರ ದನಿಯಲ್ಲಿ ದ್ವೇಷವೇನೂ ಇರುತ್ತಿರಲಿಲ್ಲ. ಊಟದ ನಂತರ ಅಡಿಕೆಯ ಜೊತೆ ಬಾಯಾಡಿಸಲು ಅವರಿಗೆ ಏನಾದರೂ ಬೇಕಿತ್ತು, ಅಷ್ಟೆ.

ಆ ಮಾತಿನಲ್ಲಿ ನಿಜವಾದದ್ದು ಅರ್ಧ. ಮಗಳು ವಾಚು ಮಾರುತ್ತಿದ್ದದ್ದು ಹೌದು. ಕಾಶಿಯ ಸಿಗ್ರಾ ಬಡಾವಣೆಯ ಮಾಲ್ ಒಂದರ ನೆಲಮಹಡಿಯಲ್ಲಿ ವಿದೇಶಿ ಕೈಗಡಿಯಾರಗಳ ಮಳಿಗೆಯಿದೆ. ಭವಾನಿ ಅಲ್ಲಿ ಹೆಂಗಸರ ವಿಭಾಗದ ಹಿರಿಯ ಮಾರಾಟಗಾರ್ತಿ. ವಿಶ್ವವಿದ್ಯಾಲಯದ ಬಳಿಯ ಲಂಕಾ ಬಡಾವಣೆಯ ಮೊಬೈಲ್ ಅಂಗಡಿಯಲ್ಲಿ ನಾಲ್ಕು ವರ್ಷ ನಿಂತು, ಸಂಜೆ ಇಂಗ್ಲಿಷ್ ಕಲಿತು, ಮೂರು ಸಲ ಸಂದರ್ಶನಕ್ಕೆ ಹೋಗಿ ಆ ಕೆಲಸ ಸಂಪಾದಿಸಿದ್ದಳು. ತಾಯಿ ಮಾತ್ರ ಏನನ್ನೂ ಕದ್ದಿರಲಿಲ್ಲ. ಅದನ್ನು ಸಾಬೀತು ಮಾಡುವುದು ಹೇಗೆಂದು ಮಗಳಿಗೆ ಇಪ್ಪತ್ತೆರಡು ವರ್ಷ ತಿಳಿಯಲಿಲ್ಲ.

ಇಪ್ಪತ್ತೆರಡು ವರ್ಷದ ಹಿಂದಿನ ಆ ದಿನ ವರಮಹಾಲಕ್ಷ್ಮಿಯ ಹಬ್ಬ. ಭವಾನಿಗೆ ಆಗ ಹನ್ನೊಂದು. ತಂದೆ ವೀರಭದ್ರಯ್ಯ, ಕಾಶಿಯ ಮಠವೊಂದರ ದಾಸೋಹದ ಅಡುಗೆಯಲ್ಲಿದ್ದವರು, ಆ ಹೊತ್ತಿಗೆ ತೀರಿಕೊಂಡಿದ್ದರು. ಗದಗಿನ ಕಡೆಯ ಅನ್ನದಾನಮ್ಮ ವಿಶ್ವವಿದ್ಯಾಲಯದ ಕನ್ನಡ ಮನೆಗಳಲ್ಲಿ ರೊಟ್ಟಿ ಬಡಿದು, ಚಟ್ನಿಪುಡಿ ಕುಟ್ಟಿ, ಹೋಳಿಗೆ ಮಾಡಿ ಮಗಳನ್ನು ಓದಿಸುತ್ತಿದ್ದಳು. ಮೈಸೂರಿನಿಂದ ಬಂದಿದ್ದ ಪ್ರೊಫೆಸರ್ ಪದ್ಮನಾಭ ಅವರ ಮನೆ ಅವುಗಳಲ್ಲೊಂದು. ಅವರ ಹೆಂಡತಿ ವಸುಮತಿ ಉಳಿದ ದಿನಗಳಲ್ಲಿ ಆಧುನಿಕಳು, ಹಬ್ಬದ ದಿನ ಮಾತ್ರ ಕಟ್ಟುನಿಟ್ಟಿನ ಮಡಿಯವಳು. ಅಂದು ಅನ್ನದಾನಮ್ಮನಿಗೆ ಹೊಸಿಲ ಒಳಗೆ ಪ್ರವೇಶವಿರಲಿಲ್ಲ. ಬೆಳಗಿನಿಂದ ಹಿತ್ತಲ ಜಗುಲಿಯಲ್ಲಿ ಕೂತು ತರಕಾರಿ ಹೆಚ್ಚಿ, ತೆಂಗಿನಕಾಯಿ ತುರಿದು ಒಳಗೆ ಸಾಗಿಸುತ್ತಿದ್ದಳು.

ಪೂಜೆ ಮುಗಿದ ಮೇಲೆ ವಸುಮತಿಯ ಮೊಟ್ಟೆಯಾಕಾರದ ಚಿನ್ನದ ವಾಚು ಕಾಣಲಿಲ್ಲ; ತಾಯಿಯ ಜೊತೆ ಹೋದಾಗಲೆಲ್ಲ ಭವಾನಿ ಬೆರಗಿನಿಂದ ನೋಡುತ್ತಿದ್ದ ವಾಚು ಅದು. ಅರಿಶಿನ ಕುಂಕುಮಕ್ಕೆ ಬಂದಿದ್ದ ಹನ್ನೊಂದು ಹೆಂಗಸರ ಮುಂದೆ, ಅವರಲ್ಲೊಬ್ಬಳಾದ ಪ್ರೇಮಾ ಅನ್ನದಾನಮ್ಮನ ಕೈಚೀಲವನ್ನು ಚಾಪೆಯ ಮೇಲೆ ಸುರಿದಳು. ನಂತರ ವಸುಮತಿ ಹೇಳಿದ ಮಾತು ಎರಡೇ ಪದ: "ಸೆರಗು ಝಾಡಿಸು." ಶಾಲೆ ಮುಗಿಸಿ ತಾಯಿಯನ್ನು ಕರೆದುಕೊಂಡು ಹೋಗಲು ಬಂದಿದ್ದ ಭವಾನಿ ಬಾಗಿಲಲ್ಲಿ ನಿಂತು ನೋಡಿದಳು. ಸೆರಗಿನಿಂದ ಉದುರಿದ್ದು ಸ್ವಲ್ಪ ತೆಂಗಿನ ತುರಿ.

ಒಳಗೆ ಕಾಲಿಡಲು ಬಿಡದ ಹೆಂಗಸು ಒಳಗಿನ ವಾಚನ್ನು ಹೇಗೆ ಕದ್ದಾಳು ಎಂದು ಹನ್ನೊಂದು ಜನರಲ್ಲಿ ಒಬ್ಬರೂ ಕೇಳಲಿಲ್ಲ. ಒಂದು ವಾರದಲ್ಲಿ ಎಲ್ಲ ಕನ್ನಡದ ಮನೆಗಳ ಕೆಲಸವೂ ತಪ್ಪಿತು. ಅನ್ನದಾನಮ್ಮ ಮಾರವಾಡಿಯೊಬ್ಬರ ಯಾತ್ರಿನಿವಾಸದಲ್ಲಿ ಪಾತ್ರೆಗೆ ನಿಂತಳು. ಅಲ್ಲಿ ಯಾರಿಗೂ ಅವಳ ಹೋಳಿಗೆಯ ಸಂಗತಿ ಗೊತ್ತಿರಲಿಲ್ಲ.

ಇಷ್ಟನ್ನು ಭವಾನಿ ನುಂಗಿಕೊಳ್ಳುತ್ತಿದ್ದಳೇನೋ. ಅವಳಿಂದ ನುಂಗಲಾಗದೇ ಹೋದದ್ದು ಮತ್ತೊಂದಿದೆ. ಆ ವಾರದ ಒಂದು ಮಧ್ಯಾಹ್ನ, ತಾಯಿ ನೀರಿಗೆ ಹೋಗಿದ್ದಾಗ, ಅವಳು ತಾಯಿಯ ಟ್ರಂಕನ್ನು ತೆರೆದು ತಳದವರೆಗೆ ಹುಡುಕಿದ್ದಳು. ಏನೂ ಸಿಗಲಿಲ್ಲ. ಆದರೆ ಹುಡುಕಿದ್ದು ಹುಡುಕಿದ್ದೇ. ತಾಯಿಯನ್ನು ಅನುಮಾನಿಸುವ ಮಗಳನ್ನಾಗಿ ತನ್ನನ್ನು ಮಾಡಿದವಳು ವಸುಮತಿ. ಅದಕ್ಕೆ ಆಕೆ ಒಂದು ದಿನ ಉತ್ತರ ಕೊಡಲೇಬೇಕು ಎಂಬುದು ಭವಾನಿಯ ಎದೆಯಲ್ಲಿ ಅಂದಿನಿಂದ ಗಟ್ಟಿಯಾಗಿ ಕೂತಿತು. ಅವಳು ವಾಚಿನ ವ್ಯಾಪಾರಕ್ಕೆ ಬಂದದ್ದು ಅದೇ ಕಾರಣಕ್ಕೆ. ದುಬಾರಿ ವಾಚು ಕಟ್ಟುವ ಹೆಂಗಸು, ಮನೆಯಲ್ಲೊಂದು ಮದುವೆ ಬಂದಾಗ, ಈ ಊರಿನಲ್ಲಿ ಇನ್ನೆಲ್ಲಿಗೆ ಹೋದಾಳು?

ಈ ವರ್ಷದ ಫೆಬ್ರವರಿಯಲ್ಲಿ ವಸುಮತಿ ಬಂದಳು. ಜೊತೆಗೆ ಗಂಡ ಪದ್ಮನಾಭ, ಈಗ ನಿವೃತ್ತರು. ಭವಾನಿ ಮೊದಲು ಗುರುತಿಸಿದ್ದು ಮುಖವನ್ನಲ್ಲ. ಗಾಜಿನ ಮೇಜಿನ ಮೇಲೆ ಊರಿದ ಎಡಗೈಯಲ್ಲಿ ಮೊಟ್ಟೆಯಾಕಾರದ ಚಿನ್ನದ ಚಿಕ್ಕ ವಾಚಿತ್ತು. ಪಟ್ಟಿ ಹೊಸತು, ವಾಚು ಅದೇ. ಕಳೆದುಹೋದ ವಾಚು ಕಳೆದುಕೊಂಡವಳ ಕೈಯಲ್ಲೇ ಟಿಕ್ ಟಿಕ್ ಎನ್ನುತ್ತಿತ್ತು.

"ಬನ್ನಿ ಮೇಡಂ, ಕೂತುಕೊಳ್ಳಿ. ಯಾರಿಗೆ ನೋಡೋಣ?" ಎಂದು ಭವಾನಿ ಹಿಂದಿಯಲ್ಲಿ ಕೇಳಿದಳು. ಅವಳ ಎದೆಯ ಮೇಲಿನ ಹೆಸರಿನ ಪಟ್ಟಿಯನ್ನು ವಸುಮತಿ ಓದಿದಳು. ಕಾಶಿಯಲ್ಲಿ ಭವಾನಿ ಎಂಬ ಹೆಸರು ಓಣಿಗೊಂದು. ಅದು ಯಾವ ಅನುಮಾನಕ್ಕೂ ಎಡೆಕೊಡಲಿಲ್ಲ.

ಮಗ ಸಚಿನನಿಗೆ ಹೆಣ್ಣು ಗೊತ್ತಾಗಿತ್ತು. ಹುಡುಗಿ ನೇಹಾ, ಇಲ್ಲಿಯೇ ಹುಟ್ಟಿ ಬೆಳೆದ ಕನ್ನಡದ ವೈದ್ಯೆ. ನಿಶ್ಚಿತಾರ್ಥದಲ್ಲಿ ಸೊಸೆಗೆ ಕೊಡುವ ಉಡುಗೊರೆ ನಾಲ್ಕು ಜನರ ಕಣ್ಣಿಗೆ ಬೀಳುವಂತಿರಬೇಕು. ಭವಾನಿ ಬಿಳಿಯ ಕೈಗವಸು ತೊಟ್ಟು, ಮಖಮಲ್ಲಿನ ತಟ್ಟೆಯ ಮೇಲೆ ಮೂರು ವಾಚುಗಳನ್ನು ಇಟ್ಟಳು.

ಕಾಶಿಯ ಕನ್ನಡಿಗರಿಗೆ ಅಂಗಡಿಯಲ್ಲಿ ಒಂದು ಅಭ್ಯಾಸವಿದೆ. ಮಾರುವವರ ಎದುರೇ, ಅವರಿಗೆ ತಿಳಿಯದೆಂಬ ಭರವಸೆಯಲ್ಲಿ, ಮನೆಯ ಗುಟ್ಟೆಲ್ಲ ಕನ್ನಡದಲ್ಲಿ ಆಡುತ್ತಾರೆ. ತರಕಾರಿಯವನಿಂದ ಬಂಗಾರದವನವರೆಗೆ ಎಲ್ಲರ ಮುಂದೆಯೂ ನಡೆದುಬಂದ ಈ ಉಪಾಯ ಇಪ್ಪತ್ತೈದು ವರ್ಷಗಳಲ್ಲಿ ವಸುಮತಿಗೆ ಒಮ್ಮೆಯೂ ಕೈಕೊಟ್ಟಿರಲಿಲ್ಲ.

"ಈ ಹುಡುಗಿಗೆ ಏನೂ ಅರ್ಥವಾಗಲ್ಲ, ಧೈರ್ಯವಾಗಿ ಹೇಳಿ," ಎಂದಳು ಗಂಡನಿಗೆ. "ತೀರಾ ದೊಡ್ಡದು ಕೊಟ್ರೆ ನಾಳೆ ಇನ್ನೊಂದಕ್ಕೆ ಆಸೆ ಪಡ್ತಾರೆ. ಸಣ್ಣದು ಕೊಟ್ರೆ ನಮ್ಮ ಮುಖ ಸಣ್ಣದಾಗತ್ತೆ."

"ನಿನ್ನ ಮುಖ ಅಷ್ಟು ಸುಲಭಕ್ಕೆ ಸಣ್ಣದಾಗಲ್ಲ ಬಿಡು," ಎಂದರು ಪದ್ಮನಾಭ.

ವಸುಮತಿಯ ಕಣ್ಣು ಮುತ್ತಿನ ಚಿಪ್ಪಿನ ಹೊಳಪಿದ್ದ, ಕೆಂಪು ತೊಗಲ ಪಟ್ಟಿಯ ವಾಚಿನ ಮೇಲೆ ನಿಂತಿತು. ಅದು ಚೆನ್ನಾಗಿಯೇ ಇತ್ತು. ಭವಾನಿ ಅದನ್ನೇ ಮಾರಿ ಸುಮ್ಮನಾಗಬಹುದಿತ್ತು. ಆದರೆ ಒಳ್ಳೆಯ ಮಾರಾಟಗಾರ್ತಿ ಮೊದಲು ನೋಡುವುದು ಕಟ್ಟುವವಳ ಬದುಕನ್ನು. ನಿಶ್ಚಿತಾರ್ಥದ ಹೆಣ್ಣಿನ ಕೈತುಂಬ ಹಸಿರು ಗಾಜಿನ ಬಳೆ ಇರುತ್ತವೆ. ಅವುಗಳ ಪಕ್ಕದಲ್ಲಿ ಗೀರು ಬೀಳದ ಗಾಜು ಬೇಕು, ದಪ್ಪ ಅಂಚು ಬೇಡ. ಆದರೆ ಹಸಿರು ಬಳೆ ಕನ್ನಡದ ಮನೆಗಳ ರೂಢಿ, ಆಡಿದರೆ ತಾನು ಯಾರೆಂಬ ಗುಟ್ಟು ಬಯಲಾದೀತೆಂದು ನಾಲಿಗೆಯ ತುದಿಗೆ ಬಂದ ಮಾತನ್ನು ಅವಳು ತಡೆದುಕೊಂಡಳು. ಬೇರೊಂದು ಕಾರಣ ಕೊಟ್ಟಳು.

"ಮೇಡಂ, ತೊಗಲ ಪಟ್ಟಿ ಪೂಜೆಗೆ ಆಗುವುದಿಲ್ಲ. ಪ್ರತಿ ಸಲ ಬಿಚ್ಚಿಡಬೇಕು. ಬಿಚ್ಚಿಟ್ಟ ವಾಚೇ ಕಳೆದುಹೋಗುವುದು."

ಪದ್ಮನಾಭ ನಕ್ಕುಬಿಟ್ಟರು. ಕನ್ನಡದಲ್ಲಿ, "ಕೇಳಿದ್ಯಾ? ನಿನ್ನ ಅಕ್ಕಿ ಡ್ರಮ್ಮಿನ ಕತೆ ಸಿಗ್ರಾದವರೆಗೂ ಬಂದಿದೆ," ಎಂದರು.

"ಸುಮ್ನಿರಿ. ಮಡಿಯಲ್ಲಿದ್ದೆ, ಮನೆ ತುಂಬ ಜನ. ನಮ್ಮಮ್ಮ ಒಡವೆ ಇಡ್ತಿದ್ದ ಹಾಗೆ ಅಕ್ಕಿ ಒಳಗೆ ಹೂತಿಟ್ಟೆ. ಮರೆತೆ. ಅದಕ್ಕೆ ಇನ್ನೂ ಎಷ್ಟು ವರ್ಷ ಆಡ್ಕೋತೀರಿ?"

"ಗಣೇಶನ ಹಬ್ಬಕ್ಕೆ ಅಕ್ಕಿ ತೆಗೆದಾಗ ಸಿಕ್ತಲ್ಲ, ಆಗಲಾದರೂ ಆ ಹೆಂಗಸಿಗೆ ಒಂದು ಮಾತು ಹೇಳಬಹುದಿತ್ತು."

"ಏನಂತ? ಅಕ್ಕೀಲಿ ಸಿಕ್ತು, ವಾಪಸ್ಸು ಬಾ ಅಂತಲಾ? ಆಮೇಲೆ ಆ ಹನ್ನೊಂದು ಜನರ ಮುಂದೆ ನಾನು ಹೇಗೆ ತಲೆ ಎತ್ತಲಿ? ಅವಳಿಗೇನು, ಇನ್ನೊಂದು ಮನೆ ನೋಡ್ಕೊಂಡಿರ್ತಾಳೆ."

ಭವಾನಿ ಕೆಂಪು ಪಟ್ಟಿಯ ವಾಚನ್ನು ನಿಧಾನವಾಗಿ ಪಕ್ಕಕ್ಕೆ ಸರಿಸಿದಳು. ಅಲ್ಲಿಯೇ ಬಾಯಿ ತೆರೆಯಬಹುದಿತ್ತು. ಕೇಳಿಸಿಕೊಳ್ಳಲು ಯಾರಿದ್ದರು? ಮ್ಯಾನೇಜರ್ ಮತ್ತು ಕಾವಲುಗಾರ. ತಾಯಿಯ ಸೆರಗು ಝಾಡಿಸಿದ್ದು ಹನ್ನೊಂದು ಹೆಂಗಸರ ಮುಂದೆ. ಲೆಕ್ಕ ತೀರುವುದೂ ಅವರ ಮುಂದೆಯೇ.

ಅವಳು ಮೂರನೆಯ ವಾಚನ್ನು ಎತ್ತಿದಳು. ನೀಲಿ ಡಯಲ್, ತೆಳುವಾದ ಅಂಚು, ಗೀರು ಬೀಳದ ಗಾಜು, ಚಿಕ್ಕ ಚಿಕ್ಕ ಕೊಂಡಿಗಳನ್ನು ಪೋಣಿಸಿದ ಲೋಹದ ಪಟ್ಟಿ. ನೇಹಾಳಿಗೆ ಅದಕ್ಕಿಂತ ಸರಿಯಾದದ್ದು ಆ ಮಳಿಗೆಯಲ್ಲಿ ಇನ್ನೊಂದಿರಲಿಲ್ಲ. ವೈದ್ಯೆಯಾದ್ದರಿಂದ ನಾಡಿ ಎಣಿಸಲು ಸೆಕೆಂಡಿನ ಮುಳ್ಳೂ ಇತ್ತು. ಹೆಂಗಸರ ದುಬಾರಿ ವಾಚುಗಳಲ್ಲಿ ಅದು ಅಪರೂಪ.

"ಲೋಹದ ಪಟ್ಟಿಯನ್ನು ಕಟ್ಟುವವರ ಕೈಯ ಅಳತೆಗೆ ಕೊಂಡಿ ತೆಗೆದು ಕೂರಿಸಬೇಕು ಮೇಡಂ. ನೀವು ಬಯಸಿದರೆ ಸಮಾರಂಭಕ್ಕೆ ನಾನೇ ಬರುತ್ತೇನೆ. ಎಲ್ಲರ ಎದುರು ಹುಡುಗಿಯ ಕೈಗೆ ತೊಡಿಸಿ, ಅಳತೆ ಮಾಡಿ ಕೊಡುತ್ತೇನೆ. ನೋಡುವವರಿಗೆ ಅದೇ ಒಂದು ಚಂದ."

ವಸುಮತಿಯ ಮುಖ ಅರಳಿತು. "ರೀ, ಎಲ್ಲರ ಮುಂದೆ ಬಂದು ತೊಡಿಸ್ತಾಳಂತೆ. ಪ್ರೇಮಾ ಹೊಟ್ಟೆ ಉರ್ಕೋತಾಳೆ ನೋಡಿ."

ವಿಳಾಸವನ್ನು ವಸುಮತಿ ತನ್ನ ಕೈಯಾರೆ ಬರೆದುಕೊಟ್ಟಳು.

ಹದಿನೈದು ದಿನದ ನಂತರ, ಕೇದಾರ ಘಾಟಿನ ವಸತಿಗೃಹವೊಂದರ ಸಭಾಂಗಣ. ಬೆಳಗಿನ ಹನ್ನೊಂದು ಗಂಟೆ. ಭವಾನಿ ಮಳಿಗೆಯ ಕಪ್ಪು ಕೋಟನ್ನು ಬಿಟ್ಟು ತಾಯಿಯ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಜಮಖಾನೆಯ ಮೇಲೆ ಕೂತಿದ್ದ ಹೆಂಗಸರಲ್ಲಿ ಹಳೆಯ ಹನ್ನೊಂದು ಮಂದಿಯ ಪೈಕಿ ಆರು ಜನರನ್ನು ಗುರುತಿಸಿದಳು. ಅಂದು ಕೈಚೀಲವನ್ನು ಬೋರಲು ಮಾಡಿದ್ದ ಪ್ರೇಮಾ ಮುಂದಿನ ಸಾಲಿನಲ್ಲೇ ಇದ್ದಳು.

ನೇಹಾ ಕೈ ಚಾಚಿದಳು. ಭವಾನಿ ಕೈಗವಸು ತೊಟ್ಟು, ಹಸಿರು ಬಳೆಗಳನ್ನು ಮೇಲಕ್ಕೆ ಸರಿಸಿ, ವಾಚು ಸುತ್ತಿ, ಅಳತೆ ನೋಡಿ, ಪುಟ್ಟ ಉಪಕರಣದಿಂದ ಎರಡು ಕೊಂಡಿ ಕಳಚಿ ಬೆಳ್ಳಿಯ ತಟ್ಟೆಗೆ ಹಾಕಿದಳು. ಸುತ್ತಲೂ ಮೆಚ್ಚುಗೆಯ ಗುಸುಗುಸು. ಪಟ್ಟಿಯ ಬೀಗ ಕೂತ ಸದ್ದು ಕೇಳಿದ ಮೇಲೆ ಅವಳು ಕನ್ನಡದಲ್ಲಿ ಮಾತು ತೆಗೆದಳು. ದನಿ ಎತ್ತರಿಸಲಿಲ್ಲ.

"ಡಾಕ್ಟರ್ ಅಕ್ಕಾರ, ಇದು ಲೋಹದ ಪಟ್ಟಿ ಐತ್ರಿ, ಮಡಿ ದಿನಾನೂ ನಡೀತೈತಿ. ತಗದ್ರೂ ಅಕ್ಕಿ ಡ್ರಮ್ಮಿನ್ಯಾಗ ಮಾತ್ರ ಇಡಬ್ಯಾಡ್ರಿ. ನಿಮ್ಮ ಅತ್ತಿಯವರು ಹಂಗ ಇಟ್ಟು ಮರತು, ನಮ್ಮವ್ವನ ಸೆರಗ ಝಾಡಿಸಿದ್ರು. ನಾ ಅನ್ನದಾನಮ್ಮನ ಮಗಳು."

"ಕ್ಯಾ ಬೋಲ್ ರಹೀ ಹೋ ತುಮ್?" ಏನು ಹೇಳುತ್ತಿದ್ದೀಯೆ ಎಂದು ಕೇಳುವಾಗಲೂ ವಸುಮತಿಯ ಬಾಯಿಂದ ಬಂದದ್ದು ಹಿಂದಿ.

"ಕನ್ನಡದಾಗ ಮಾತಾಡ್ರಿ ಅಮ್ಮಾರ. ಅಂಗಡ್ಯಾಗೂ ನನಗ ತಿಳದಿತ್ತು, ಈಗೂ ತಿಳಿತೈತಿ."

ಪ್ರೇಮಾ ಮುಂದಕ್ಕೆ ಬಾಗಿದಳು. "ವಾಚು ಸಿಕ್ಕಿತ್ತಾ ವಸುಮತಿ? ನಮಗೆ ಹೇಳಲೇ ಇಲ್ಲ."

"ಅಂಗಡಿಯವಳ ಮಾತು ನಂಬ್ತೀಯಾ ನೀನು?"

"ನನ್ನ ಮಾತು ಬ್ಯಾಡ್ರಿ," ಎಂದಳು ಭವಾನಿ. "ಸಾಹೇಬ್ರು ಅದಾರಲ್ಲ. ಅವರ ಹೇಳಲಿ."

ಎಲ್ಲರೂ ಪದ್ಮನಾಭರ ಕಡೆಗೆ ತಿರುಗಿದರು. ಅವರು ತಟ್ಟೆಯಲ್ಲಿ ಬಿದ್ದಿದ್ದ ಎರಡು ಕೊಂಡಿಗಳನ್ನೇ ನೋಡುತ್ತಿದ್ದರು. "ಸಿಕ್ಕಿತ್ತು," ಎಂದರು. "ಅದೇ ವರ್ಷ. ಗಣೇಶನ ಹಬ್ಬಕ್ಕೆ ಅಕ್ಕಿ ತೆಗೆದಾಗ. ಈಗ ಅವಳ ಕೈಯಲ್ಲಿರೋದೇ ಅದು."

ವಸುಮತಿ ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಇಪ್ಪತ್ತೆರಡು ವರ್ಷ ಕಾದಿಟ್ಟುಕೊಂಡಿದ್ದ ಎರಡು ಪದಗಳನ್ನು ಭವಾನಿ ಆಗ ಆಡಿದಳು. "ಸೆರಗು ಝಾಡಿಸ್ರಿ."

ವಸುಮತಿ ಝಾಡಿಸಲಿಲ್ಲ. ಆದರೆ ಅಲ್ಲಿದ್ದ ಪ್ರತಿಯೊಬ್ಬರ ಕಣ್ಣೂ ಆ ಸೆರಗಿನ ಮೇಲೆ ನಿಂತಿತು. ಯಾರೂ ಅವಳ ಪರವಾಗಿ ಮಾತಾಡಲಿಲ್ಲ, ಅಂದು ಅನ್ನದಾನಮ್ಮನ ಪರವಾಗಿ ಮಾತಾಡದಿದ್ದಂತೆಯೇ. ಕೊನೆಗೆ ನೇಹಾ ಕೈಯನ್ನು ಮತ್ತೆ ಚಾಚಿದಳು.

"ಇದನ್ನ ಬಿಚ್ಚಿಬಿಡಿ ಅಕ್ಕ," ಎಂದಳು. "ಆಂಟಿ ನಿಮ್ಮ ಅಮ್ಮನ ಹತ್ತಿರ ಹೋಗಿ ಬಂದ ದಿನ ಹಾಕ್ಕೋತೀನಿ."

ಭವಾನಿ ವಾಚನ್ನು ಬಿಚ್ಚಿ, ಕೊಂಡಿಗಳ ಪಕ್ಕದಲ್ಲಿ ತಟ್ಟೆಗಿಟ್ಟು, ಕೈಗವಸು ಕಳಚಿ ಎದ್ದು ಬಂದಳು.

ಮನೆಯಲ್ಲಿ ಅನ್ನದಾನಮ್ಮ ಬಟಾಣಿ ಸುಲಿಯುತ್ತಿದ್ದಳು. ಮಗಳು ಎಲ್ಲವನ್ನೂ ಹೇಳಿದಳು: ಅಕ್ಕಿ, ಕೊಂಡಿ, ಸೆರಗು, ಯಾರ್ಯಾರು ಹೇಗೆ ತಲೆ ತಗ್ಗಿಸಿದರೆಂಬುದು. ತಾಯಿ ಕೈ ನಿಲ್ಲಿಸದೆ ಕೇಳಿದಳು.

"ಎಲ್ಲಾ ಹೇಳಿ ಬಂದಿ. ನನ್ನ ಟ್ರಂಕ ಹುಡುಕಿದ್ದು ಹೇಳಿದೇನು?"

"ನಿನಗ ಗೊತ್ತಿತ್ತೇನ ಯವ್ವಾ?"

"ಸೀರಿ ಮಡಿಕಿ ತಪ್ಪಿತ್ತು," ಎಂದಳು ಅನ್ನದಾನಮ್ಮ. "ಅದಕ್ಕ ಆಕಿನ್ನ ನಾನೂ ಮಾಫಿ ಮಾಡಿಲ್ಲ. ವಾಚಿನ ಸಲುವಾಗಿ ಅಲ್ಲ."

ಈಗ ಸಂಗತಿ ಹೀಗಿದೆ. ಮಳಿಗೆಗೆ ದೂರು ಹೋಯಿತು. ಭವಾನಿಯನ್ನು ಮಾರಾಟದಿಂದ ತೆಗೆದು ಹಿಂದಿನ ಕೋಣೆಯ ರಿಪೇರಿ ವಿಭಾಗಕ್ಕೆ ಹಾಕಿದ್ದಾರೆ. ನೇಹಾ ಮತ್ತು ಸಚಿನನ ಮದುವೆ ಮೇ ತಿಂಗಳಲ್ಲಿ ನಡೆಯಿತು. ನೀಲಿ ಡಯಲಿನ ವಾಚು ಅದರ ಪೆಟ್ಟಿಗೆಯಲ್ಲಿಯೇ ಇದೆ, ಎರಡು ಕೊಂಡಿಗಳ ಸಮೇತ. ಪ್ರೇಮಾ ಎರಡು ಸಲ ಹೋಳಿಗೆಗೆ ಹೇಳಿಕಳಿಸಿದಳು. ಅನ್ನದಾನಮ್ಮ ಎರಡು ಸಲವೂ ಆಗುವುದಿಲ್ಲ ಎಂದಳು. ಅನ್ನದಾನಮ್ಮನ ಮನೆಯಿರುವ ಹನುಮಾನ್ ಘಾಟಿನ ಓಣಿಗೆ ವಸುಮತಿ ಇನ್ನೂ ಬಂದಿಲ್ಲ. ಬಂದರೂ ಬಾಗಿಲು ತೆರೆಯಬಾರದೆಂದು ತಾಯಿ ಮಗಳು ಇಬ್ಬರೂ ತೀರ್ಮಾನಿಸಿದ್ದಾರೆ.