ಸರತಿಯ ಮೈದಾನದಿಂದ ಸಂಬಳದ ಮೈದಾನಕ್ಕೆ

ಸಾವಿರದ ಒಂಬೈನೂರ ತೊಂಬತ್ತೊಂದನೆಯ ಇಸವಿ, ಮಾರ್ಗಶಿರ ಮಾಸ, ಗದ್ದೆಗಳಲ್ಲಿ ಕುಯ್ಲು ನಡೆಯುತ್ತಿದ್ದ ದಿನಗಳು. ಹೇಮಾವತಿಯ ಕಡೆಯಿಂದ ಎದ್ದ ಮಂಜು ಇನ್ನೂ ಕರಗಿರದ ಬೆಳಗಿನ ಆರು ಗಂಟೆಗೆ, ಹಣೆಯ ಕೆಂಪು ನಾಮ ಆರುವ ಮೊದಲೇ, ಕಂಕುಳಲ್ಲಿ ಒಂದು ಫುಟ್‌ಬಾಲನ್ನು ಅವುಚಿಕೊಂಡು ಹೊಳೆನರಸೀಪುರದ ನಮ್ಮ ಕಾಲೇಜಿನ ಮೈದಾನಕ್ಕೆ ಇಳಿದವರು ಶ್ರೀ ಚಲುವನಾರಾಯಣ ಅವರು. ದೇವಸ್ಥಾನದ ಬೀದಿಯಲ್ಲಿ ಹುಟ್ಟಿ, ಅಣ್ಣಂದಿರಿಬ್ಬರು ಪೂಜೆಗೂ ಪಾಠಕ್ಕೂ ಸಂದ ಮೇಲೆ ತಾವೊಬ್ಬರೇ ಆಟಕ್ಕೆ ಸಂದವರು. ಕಬಡ್ಡಿ, ವಾಲಿಬಾಲು ಬಿಟ್ಟರೆ ಬೇರೆಯದನ್ನು ಆಟವೆಂದೇ ಎಣಿಸದಿದ್ದ ಹಾಸನದ ಸೀಮೆಯಲ್ಲಿ, ಫುಟ್‌ಬಾಲ್ ಪಂದ್ಯ ನೋಡಲು ಅರಕಲಗೂಡಿನಿಂದಲೂ ಚನ್ನರಾಯಪಟ್ಟಣದಿಂದಲೂ ಜನ ಬಸ್ಸು ಹತ್ತಿ ಬರುವಂತೆ ಮಾಡಿದ ಕೀರ್ತಿ ಯಾರಿಗಾದರೂ ಸಲ್ಲುವುದಿದ್ದರೆ ಅದು ಅವರಿಗೇ ಸಲ್ಲತಕ್ಕದ್ದು. ಹುದ್ದೆಯ ಹೆಸರು ಏನೇ ಇರಲಿ, ಹುಡುಗರ ಬಾಯಲ್ಲಿ ಅವರು ಪಿ.ಟಿ. ಮೇಷ್ಟ್ರು.

ನಾಲೆಯ ನೀರಿಗೆ ಸರತಿ ಇರುವ ಹಾಗೆ ಮೇಷ್ಟ್ರ ತಂಡದಲ್ಲೂ ಸರತಿ ಇತ್ತು. ಇದ್ದ ಹದಿನಾರು ಹುಡುಗರಲ್ಲಿ ಈ ಪಂದ್ಯಕ್ಕೆ ಕೂತವನು ಮುಂದಿನ ಪಂದ್ಯಕ್ಕೆ ಆಡಲೇಬೇಕು. ಕಟ್ಟಾಯದಿಂದ, ಮಲ್ಲಿಪಟ್ಟಣದಿಂದ ಮೊದಲ ಬಸ್ಸಿಗೆ ಹಸಿದುಕೊಂಡು ಬರುವವರಿಗೆ ನಿನಗೆ ಜಾಗವಿಲ್ಲ ಎನ್ನುವ ಮಾತು ಅವರ ಬಾಯಿಗೆ ಬರುತ್ತಲೇ ಇರಲಿಲ್ಲ. ಅಭ್ಯಾಸ ಮುಗಿದ ಮೇಲೆ ಅಷ್ಟೂ ಜನಕ್ಕೆ ಮೇಷ್ಟ್ರ ಮನೆಯ ಜಗಲಿಯ ಮೇಲೆ ಉಪ್ಪಿಟ್ಟು. ಬೀದಿಯವರು ಮುಖ ಸಿಂಡರಿಸಿದರೆ ಹುಡುಗರನ್ನು ಅವರವರ ಊರಿನ ಹೆಸರಿನಿಂದಲೇ ಕರೆಯುತ್ತಿದ್ದ ಅವರ ಪತ್ನಿ ವೇದವತಮ್ಮನವರು ಸೌಟು ಹಿಡಿದುಕೊಂಡೇ ಉತ್ತರ ಕೊಡುತ್ತಿದ್ದರು: "ಮಡಿ ಇರೋದು ಅಡುಗೆಮನೆಗೆ, ಜಗಲಿಗಲ್ಲ. ಇನ್ನೊಂದು ಸೌಟು ಹಾಕ್ಲೇನೋ, ಕಟ್ಟಾಯ?"

ತೊಂಬತ್ತೇಳರಲ್ಲಿ ಹಾಸನದಲ್ಲಿ ನಡೆದ ಅಂತರ ಕಾಲೇಜು ಪಂದ್ಯಾವಳಿಯ ಕೊನೆಯ ಪಂದ್ಯದ ದಿನ, ಕುದುರೆಯಂತೆ ಓಡುವ ಜಯಂತ್ ಕೂತ. ಮಲ್ಲಿಪಟ್ಟಣದ ಪುಟ್ಟಸ್ವಾಮಿ ಆಡಿದ. ತಂಡ ಒಂದು ಗೋಲಿನಿಂದ ಸೋತಿತು. ಪ್ರಿನ್ಸಿಪಾಲರು ಬಸ್ಸಿನ ಬಾಗಿಲಲ್ಲೇ ಹಿಡಿದುಕೊಂಡರು.

"ಏನ್ರೀ, ಗೆಲ್ಲೋ ಹುಡುಗನ್ನ ಬೆಂಚಿನ ಮೇಲೆ ಕೂರಿಸಿದ್ರಲ್ಲ!"

"ಸರತಿ ಪುಟ್ಟಸ್ವಾಮಿದು, ಸಾರ್."

"ಸರತಿಯಂತೆ ಸರತಿ! ಇದೇನು ಸೀಮೆಎಣ್ಣೆ ಅಂಗಡೀನೇ?"

ಸೋತ ಆ ಪಂದ್ಯವನ್ನೇ ನೋಡಿ, ಸಂಬಳ ಕೊಟ್ಟು ಆಟಗಾರರನ್ನು ಇಟ್ಟುಕೊಳ್ಳುವ ಬೆಂಗಳೂರಿನ ಕ್ಲಬ್ಬೊಂದು ಪುಟ್ಟಸ್ವಾಮಿಯನ್ನು ಕರೆದುಕೊಂಡಿತು. ಇಂಥ ಹುಡುಗರನ್ನು ತಯಾರು ಮಾಡಿದವರು ಯಾರು ಎಂದು ವಿಚಾರಿಸಿ, ಎರಡು ಸಾವಿರದ ಇಸವಿಯಲ್ಲಿ ಮೇಷ್ಟ್ರಿಗೂ ಕರೆ ಕಳಿಸಿತು. ಸಂಬಳವಿಲ್ಲದ ರಜೆಗೆ ಅರ್ಜಿ ಹಾಕಬೇಕೋ ಬೇಡವೋ ಎಂದು ಅವರು ತೂಗಿ ನೋಡುತ್ತಿದ್ದಾಗ ದೊಡ್ಡಣ್ಣ ಮುರಳೀಕೃಷ್ಣ ಅವರು ಗದರಿಸಿದರು.

"ಪಿಂಚಣಿ ಬರೋ ಕೆಲಸ ಬಿಟ್ಟು ಚೆಂಡಿನ ಹಿಂದೆ ಓಡ್ತೀಯೇನೋ? ಅಲ್ಲಿ ಸೋತರೆ ಗಂಟುಮೂಟೆ ಕಟ್ಟಿಸ್ತಾರಂತೆ."

"ಇಲ್ಲಿ ಸೋತರೆ ಯಾರೂ ಏನೂ ಮಾಡಲ್ಲ, ಅಣ್ಣ. ಅದಕ್ಕೇ ನಾನು ಹೇಳಿಕೊಟ್ಟದ್ದು ಸರಿಯೋ ತಪ್ಪೋ ನನಗೇ ತಿಳಿದಿಲ್ಲ," ಎಂದರು ಮೇಷ್ಟ್ರು. ಹೋದರು.

ಅಲ್ಲಿ ಸರತಿ ನಡೆಯಲಿಲ್ಲ. ಬಲವಾದ ಹನ್ನೊಂದು ಜನ ಆಡಬೇಕು, ಉಳಿದವರು ಕಾಯಬೇಕು, ಕಾದೂ ಕೆಲಸಕ್ಕೆ ಬಾರದವರು ಹೊರಡಬೇಕು. ಎರಡನೆಯ ವರ್ಷ ಪುಟ್ಟಸ್ವಾಮಿಯ ಮಂಡಿ ಊದಿಕೊಂಡಿತು. ಎಷ್ಟು ಕಟ್ಟು ಹಾಕಿದರೂ ಊತ ಇಳಿಯಲಿಲ್ಲ. ಆ ಸಲ ಕೈಬಿಡಬೇಕಾದ ನಾಲ್ವರಲ್ಲಿ ಅವನೂ ಒಬ್ಬನೆಂದು ಮೇಷ್ಟ್ರೇ ಒಪ್ಪಿಕೊಳ್ಳಬೇಕಾಯಿತು. ಆದರೆ ಇಷ್ಟು ವರ್ಷದಲ್ಲಿ ಒಬ್ಬ ಹುಡುಗನಿಗೂ ಹೇಳದಿದ್ದ ಮಾತನ್ನು ಹೇಳುವ ಬಗೆ ಅವರಿಗೆ ತಿಳಿಯದು. ಕೆಟ್ಟ ಸುದ್ದಿಯನ್ನು ಮೊದಲು ಹಿರಿಯರಿಗೆ ತಿಳಿಸುವುದು ಅವರ ಮನೆತನದ ನಡತೆ. ಆ ನಡತೆಯಂತೆ, ಹುಡುಗನಿಗೆ ಒಂದು ಮಾತೂ ಹೇಳದೆ, ನೇರವಾಗಿ ಮಲ್ಲಿಪಟ್ಟಣದ ಬಸ್ಸು ಹತ್ತಿದರು.

ಪುಟ್ಟಸ್ವಾಮಿಯ ತಾಯಿ ಚಿಕ್ಕಲಕ್ಷ್ಮಮ್ಮ ಹಟ್ಟಿಯ ಮುಂದೆ ರಾಗಿ ಕೇರುತ್ತಿದ್ದರು. ಮಜ್ಜಿಗೆ ತಂದುಕೊಟ್ಟು ಮತ್ತೆ ಮೊರ ಹಿಡಿದರು. ಕ್ಲಬ್ಬಿನವರು ಬಳಸುವ ಮಾತನ್ನೇ ಮೇಷ್ಟ್ರು ಬಳಸಿದರು.

"ತಾಯಿ, ಪುಟ್ಟಸ್ವಾಮೀನ ಕ್ಲಬ್ಬಿನವರು ಬಿಡುಗಡೆ ಮಾಡ್ತಿದ್ದಾರೆ."

ಆಕೆ ಮೊರವನ್ನು ಕೆಳಗಿಟ್ಟರು. "ಬಿಡುಗಡೆ ಮಾಡಾಕೆ ನನ್ ಮಗ ಏನ್ ಜೈಲಲ್ಲಿದ್ನಾ ಸಾ? ನಿಮ್ ತಾವ ಅವ್ನೆ ಅನ್ಕಂಡಿದ್ನಲ್ಲಾ."

ಮೇಷ್ಟ್ರು ಮಜ್ಜಿಗೆಯ ಲೋಟ ಕೆಳಗಿಟ್ಟು ಎದ್ದರು. ಅವರು ಬೆಂಗಳೂರು ಮುಟ್ಟುವ ಹೊತ್ತಿಗೆ ಸುದ್ದಿ ಫೋನಿನಲ್ಲಿ ಅವರಿಗಿಂತ ಮುಂಚೆ ಮುಟ್ಟಿತ್ತು. ಪುಟ್ಟಸ್ವಾಮಿ ಬ್ಯಾಗು ಹೆಗಲಿಗೇರಿಸಿ ಗೇಟಿನಲ್ಲಿ ನಿಂತಿದ್ದ.

"ಚೆಂಡು ಒದ್ದೋನು ನಾನು ಸಾ. ನಂಗೊಂದ್ ಮಾತು ಏಳ್ಬೇಕಿತ್ತು. ಊರಿಗೆಲ್ಲಾ ಗೊತ್ತಾದ್ಮ್ಯಾಕೆ ನಂಗೆ ಗೊತ್ತಾಯ್ತು."

ಇಷ್ಟು ಹೇಳಿ ಹೊರಟುಹೋದ.

ಮೇಷ್ಟ್ರು ಸಂಬಳದ ಆಟಕ್ಕೆ ಹೋಗಿ ಕಲ್ಲಾದರು ಎಂದು ನಮ್ಮ ಊರಲ್ಲಿ ಆಡಿಕೊಂಡವರಿಗೆ ಲೆಕ್ಕವಿಲ್ಲ. ಅವರಿಗೂ ವಾಪಸು ಬಂದುಬಿಡುವ ಮನಸ್ಸಾಗಿ, ಒಂದು ಶುಕ್ರವಾರ ಹಾಸಿಗೆ ಸುತ್ತಿಕೊಂಡು ಮನೆಗೆ ಬಂದೇಬಿಟ್ಟರು. ವೇದವತಮ್ಮನವರು ಹಾಸಿಗೆಯನ್ನು ಒಳಗೆ ತರಗೊಡಲಿಲ್ಲ.

"ಇನ್ನೂ ಮೂರು ಜನಕ್ಕೆ ಹೇಳೋದು ಬಾಕಿ ಇದೆ ಅಂದ್ರಲ್ಲ. ನೀವು ಇಲ್ಲಿ ಕೂತರೆ ಅವರಿಗೆ ಯಾರು ಹೇಳ್ತಾರೆ? ಬೋರ್ಡಿಗೆ ಚೀಟಿ ಅಂಟಿಸ್ತಾರಷ್ಟೆ."

ಮೇಷ್ಟ್ರು ತಿರುಗಿ ಹೋದರು. ಇನ್ನೂ ಮೂರು ವರ್ಷ ಅಲ್ಲೇ ದುಡಿದರು. ಅಂದಿನಿಂದ ಕೈಬಿಡಬೇಕಾದ ಪ್ರತಿ ಆಟಗಾರನಿಗೂ, ಮಿಕ್ಕ ಯಾರಿಗೂ ತಿಳಿಯುವ ಮೊದಲು, ಎದುರಿಗೆ ಕೂರಿಸಿಕೊಂಡು ತಾವೇ ಹೇಳಿದರು. ಕೆಲವರು ಬೈದರು, ಒಬ್ಬ ಅಂಗಿಯ ಕೊರಳಪಟ್ಟಿ ಹಿಡಿದ; ಮೇಷ್ಟ್ರು ನಿಂತಲ್ಲೇ ನಿಂತು ಕೇಳಿಸಿಕೊಂಡರು. ಆಮೇಲೆ ಒಬ್ಬನಿಗೆ ಶಾಲೆಯಲ್ಲಿ, ಇನ್ನೊಬ್ಬನಿಗೆ ಕಾರ್ಖಾನೆಯ ತಂಡದಲ್ಲಿ ಜಾಗ ಹುಡುಕಲು ಅಲೆದರು. ಊರಿಗೆ ಬಂದಾಗಲೆಲ್ಲ ಮಲ್ಲಿಪಟ್ಟಣಕ್ಕೂ ಹೋಗುತ್ತಿದ್ದರು. ಮಜ್ಜಿಗೆ ಸಿಗುತ್ತಿತ್ತು, ಮಾತು ಸಿಗುತ್ತಿರಲಿಲ್ಲ. ಮೊದಲು ಮೆತ್ತಗಾದವನು ಪುಟ್ಟಸ್ವಾಮಿ.

"ಮಂಡಿ ಊದ್ಕಂಡಿತ್ತು ಕಣವ್ವಾ. ಅವ್ರ ಜಾಗ್ದಾಗೆ ನಾನಿದ್ರೂ ನನ್ನ ತೆಗೀತಿದ್ದೆ."

"ನೀ ಸುಮ್ಕಿರ್ಲಾ. ನೀ ತೆಗೀಬೌದಾಗಿತ್ತು. ಅವ್ರು ತೆಗೀಬಾರ್ದಾಗಿತ್ತು," ಎಂದರು ಚಿಕ್ಕಲಕ್ಷ್ಮಮ್ಮ, ಮೇಷ್ಟ್ರ ಎದುರಿಗೇ.

ಎರಡು ಸಾವಿರದ ನಾಲ್ಕರಲ್ಲಿ ಮೇಷ್ಟ್ರು ಕಾಲೇಜಿಗೆ ಮರಳಿದರು. ಸಣ್ಣ ಪಂದ್ಯಗಳಿಗೆ ಸರತಿ ಉಳಿಯಿತು. ಕೊನೆಯ ಪಂದ್ಯಕ್ಕೆ ಮಾತ್ರ ಬಲವಾದ ಹನ್ನೊಂದು ಜನ, ಕೂತವನಿಗೆ ಕೂತದ್ದೇಕೆಂದು ಹಿಂದಿನ ದಿನವೇ ವಿವರ. ಅವರು ಹೋದದ್ದು ಸರಿಯೇ ಎಂದು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಇಂದಿಗೂ ವಾದ ನಡೆಯುತ್ತದೆ. ಹೋಗದಿದ್ದರೆ ಅವರ ಹೆಸರಿಗೆ ಮಸಿ ತಾಗುತ್ತಿರಲಿಲ್ಲ, ನಿಜ. ಹುಡುಗನ ಕಣ್ಣು ನೋಡಿ ಇಲ್ಲವೆನ್ನುವ ಧೈರ್ಯವೂ ಬರುತ್ತಿರಲಿಲ್ಲ. ಅದಿಲ್ಲದ ಮೇಷ್ಟ್ರ ಪ್ರೀತಿ ಅರ್ಧ ಪ್ರೀತಿ ಎಂದೇ ಈ ಬರಹದ ತೀರ್ಮಾನ.

ನಿವೃತ್ತಿಗೆ ಒಂದು ವಾರ ಇದ್ದಾಗ ಚಿಕ್ಕಲಕ್ಷ್ಮಮ್ಮ ಮಗನನ್ನು ಹಿಂದಿಟ್ಟುಕೊಂಡು ದೇವಸ್ಥಾನದ ಬೀದಿಗೆ ಬಂದರು. ಜಗಲಿಯ ಮೇಲೆ ಕೂರದೆ ನಿಂತೇ ಹೇಳಿದರು:

"ನಮ್ಮೂರ ಐಕ್ಳು ಚೆಂಡು ಚೆಂಡು ಅಂತವೆ. ಇವ್ನೊಬ್ಬುನ್ ಕೈಲಿ ಏಳ್ಕೊಡಾಕೆ ಆಗಾಕಿಲ್ಲ. ಬನ್ನಿ ಸಾ. ನನ್ ಮೊಮ್ಮಗಾನೂ ಅದ್ರಾಗವ್ನೆ. ಅವ್ನ ಆಡುಸ್ದೆ ಕೂರ್ಸಿದ್ರೂ ಸೈ. ಆದ್ರೆ ಮೊದ್ಲು ಅವನ್ಗೇ ಏಳಿ, ನಂಗಲ್ಲ."

"ಆಗಲಿ, ತಾಯಿ," ಎಂದರು ಮೇಷ್ಟ್ರು.

ಶ್ರೀ ಲಕ್ಷ್ಮೀನರಸಿಂಹಸ್ವಾಮಿ ಈ ದಂಪತಿಗಳಿಗೆ ತುಂಬು ಆಯುಸ್ಸನ್ನೂ, ಮೇಷ್ಟ್ರ ಕಾಲಿಗೆ ಓಟವನ್ನೂ, ಮೈದಾನದ ಆ ತುದಿಗೆ ಕೇಳುವಂಥ ಗಂಟಲನ್ನೂ ಬಹುಕಾಲ ಉಳಿಸಿಕೊಡಲಿ. ಎರಡು ಸಾವಿರದ ಒಂಬತ್ತರ ಮೇ ಮೂವತ್ತೊಂದು ಭಾನುವಾರ ಬಿದ್ದದ್ದರಿಂದ ಶನಿವಾರವೇ ಅವರು ಕಾಲೇಜಿನ ಚಾರ್ಜು ಒಪ್ಪಿಸಿದರು. ಜೂನ್ ಒಂದು, ಸೋಮವಾರ, ಬೆಳಗಿನ ಅರಕಲಗೂಡಿನ ಬಸ್ಸಿಗೆ ಮಲ್ಲಿಪಟ್ಟಣಕ್ಕೆ ಹೊರಟರು.